‘ದೊಡ್ಡಾಸ್ಪತ್ರೆಗೆ ತಗೊಂಡೋಗಿ’ ಅಂದಾಗ: ಪಶುಗಳ ತಜ್ಞ ಆಸ್ಪತ್ರೆಯೊಳಗೆ ನಡೆಯುವುದೇನು?

ಊರಿನ ಪಶು ಡಾಕ್ಟ್ರು ಎರಡು ದಿನ ಸೂಜಿ ಹಾಕಿ, ಮೂರನೇ ದಿನ ಹಸುವಿನ ಎಡ ಮಗ್ಗುಲು ತಟ್ಟಿ ನೋಡಿ, ‘ಇದನ್ನ ದೊಡ್ಡಾಸ್ಪತ್ರೆಗೇ ತಗೊಂಡೋಗ್ಬೇಕು ಕಣಣ್ಣ’ ಅಂದರೆ ಮನೆಯವರಿಗೆ ಕೈಕಾಲು ಆಡುವುದಿಲ್ಲ. ಯಾವ ಆಸ್ಪತ್ರೆ, ಗಾಡಿಗೆ ಹತ್ತಿಸುವುದು ಹೇಗೆ, ಹೊಟ್ಟೆ ಕುಯ್ಯುತ್ತಾರಾ, ಕುಯ್ದ ಮೇಲೆ ಹಾಲು ಕೊಡುತ್ತದಾ, ಎಷ್ಟು ದಿನ ಅಲ್ಲೇ ಇರಬೇಕು? ಮಂಡ್ಯ, ಮೈಸೂರು ಸೀಮೆಯಲ್ಲಿ ಡೇರಿಗೆ ಹಾಕುವ ಹಾಲಿನ ದುಡ್ಡಿನಲ್ಲೇ ವಾರದ ಖರ್ಚು ತೂಗಿಸುವ ಮನೆಗಳಿಗೆ ಇವು ಸಣ್ಣ ಪ್ರಶ್ನೆಗಳಲ್ಲ. ತಜ್ಞ ಆಸ್ಪತ್ರೆಯೊಳಗಿನ ಕೆಲಸ ಹೇಗೆ ಸಾಗುತ್ತದೆ, ಯಾವುದನ್ನು ಯಾಕೆ ಮಾಡುತ್ತಾರೆ, ಎಲ್ಲಿ ಎಡವಟ್ಟಾಗುತ್ತದೆ ಅನ್ನುವುದು ಮೊದಲೇ ಗೊತ್ತಿದ್ದರೆ ನಿರ್ಧಾರ ಬೇಗ ಆಗುತ್ತದೆ. ದನದ ಕಾಯಿಲೆಯಲ್ಲಿ ಒಂದು ದಿನ ಮುಂಚೆ ಹೊರಟಿದ್ದರಿಂದಲೇ ಜೀವ ಉಳಿಯುವುದು ಬಹಳ ಸಲ ಇದೆ.

‘ದೊಡ್ಡಾಸ್ಪತ್ರೆ’ ಅಂದರೆ ಯಾವುದು

ಹಳ್ಳಿಯ ಪಶು ಚಿಕಿತ್ಸಾ ಕೇಂದ್ರ, ಹೋಬಳಿ ಮತ್ತು ತಾಲ್ಲೂಕಿನ ಪಶು ಆಸ್ಪತ್ರೆ, ಅದಾದ ಮೇಲೆ ಜಿಲ್ಲಾ ಮಟ್ಟದ ಪಾಲಿ ಕ್ಲಿನಿಕ್. ಸರ್ಕಾರಿ ವ್ಯವಸ್ಥೆಯ ಮೆಟ್ಟಿಲುಗಳು ಹೀಗಿವೆ. ಪಾಲಿ ಕ್ಲಿನಿಕ್‌ನಲ್ಲಿ ಶಸ್ತ್ರಚಿಕಿತ್ಸೆ, ಗರ್ಭಧಾರಣೆ ಮತ್ತು ಹೆರಿಗೆ, ಒಳರೋಗ ಹೀಗೆ ಒಂದೊಂದು ವಿಷಯ ಓದಿದ ವೈದ್ಯರಿಗೆ ಜಾಗವಿರುತ್ತದೆ. ಎಕ್ಸ್‌ರೇ, ಸ್ಕ್ಯಾನಿಂಗ್, ರಕ್ತ ಮತ್ತು ಸೆಗಣಿ ಪರೀಕ್ಷೆಯ ಲ್ಯಾಬ್ ಒಂದೇ ಆವರಣದಲ್ಲಿ ಸಿಗುತ್ತವೆ. ಅಲ್ಲಿಗೂ ಮೀರಿದ ಕೇಸುಗಳಿಗೆ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ. ನಮ್ಮ ಕಡೆಯವರಿಗೆ ಹತ್ತಿರವಿರುವುದು ಬೆಂಗಳೂರಿನ ಹೆಬ್ಬಾಳ ಮತ್ತು ಹಾಸನ. ದನ ಏಳಲಾರದ ಸ್ಥಿತಿಯಲ್ಲಿದ್ದರೆ 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನ ಮನೆ ಬಾಗಿಲಿಗೇ ಬರುತ್ತದೆ. ಸಾಗಿಸಬೇಕೋ ಬೇಡವೋ ಅನ್ನುವ ಸಲಹೆಯೂ ಅವರಿಂದಲೇ ಸಿಗುತ್ತದೆ.

ಗಾಡಿ ಹತ್ತಿಸುವ ಮೊದಲು

ಕಾಯಿಲೆ ದನವನ್ನು ನೆಲದಿಂದ ನೇರವಾಗಿ ಪಿಕಪ್‌ಗೆ ಹತ್ತಿಸಲು ನಾಲ್ಕು ಜನ ಎತ್ತಿ ದೂಡುವುದು ದಿನವೂ ಕಾಣುವ ದೃಶ್ಯ. ಕಾಲು ಜಾರಿ ತೊಡೆ ಮೂಳೆ ಮುರಿದುಕೊಂಡು ಬರುವ ಹಸುಗಳೂ ಇವೆ. ಗಾಡಿಯನ್ನು ನಾಲೆ ಏರಿಗೋ, ಮಣ್ಣಿನ ದಿಬ್ಬಕ್ಕೋ ಹಿಂದು ಮಾಡಿ ನಿಲ್ಲಿಸಿದರೆ ಹಸು ತಾನೇ ನಡೆದು ಒಳಗೆ ಹೋಗುತ್ತದೆ. ತಗಡಿನ ನೆಲದ ಮೇಲೆ ಮರಳು ಹರಡಿ, ಅದರ ಮೇಲೆ ಭತ್ತದ ಹುಲ್ಲು ಹಾಸಿ. ಕುತ್ತಿಗೆಗೆ ಜೀರುಗುಣಿಕೆ ಹಾಕಬೇಡಿ. ದಾರಿಯಲ್ಲಿ ಹಸು ಕುಸಿದರೆ ಅದೇ ನೇಣಾಗುತ್ತದೆ. ಮಲಗಿದರೂ ಎದೆಯ ಮೇಲೆ ಕೂತಂತೆ ಇರಬೇಕು. ಪಕ್ಕಕ್ಕೆ ಚಾಚಿ ಬಿದ್ದರೆ ಹೊಟ್ಟೆಯ ಗಾಳಿ ಹೊರಗೆ ಬರಲು ದಾರಿ ಸಿಗದೆ ಉಬ್ಬರ ಏರಿ ಉಸಿರು ಕಟ್ಟುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಹೊರಡುವ ಗಡಿಬಿಡಿಯಲ್ಲಿ ಗೊಟ್ಟದಲ್ಲಿ ಎಣ್ಣೆ, ಕಷಾಯ, ಗಂಜಿ ಕುಡಿಸಬೇಡಿ. ನಿತ್ರಾಣವಾದ ಹಸುವಿಗೆ ನುಂಗುವ ಶಕ್ತಿ ಇರುವುದಿಲ್ಲ. ತಲೆ ಎತ್ತಿ ಹಿಡಿದು ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಲ ಕಾಯಿಲೆ ವಾಸಿಯಾದರೂ ಆ ನ್ಯುಮೋನಿಯಾ ಹಸುವನ್ನು ಉಳಿಸುವುದಿಲ್ಲ.

ಜೊತೆಗೆ ಒಯ್ಯಬೇಕಾದ್ದು ಮಾಹಿತಿ. ಹಿಂದಿನ ಡಾಕ್ಟ್ರು ಕೊಟ್ಟ ಚೀಟಿ ಅಥವಾ ಖಾಲಿ ಔಷಧಿ ಬಾಟ್ಲಿ, ಕರು ಹಾಕಿದ ದಿನ, ಗಬ್ಬ ಕಟ್ಟಿಸಿದ ದಿನ, ವಾರದ ಹಿಂದೆ ಎಷ್ಟು ಲೀಟರ್ ಕೊಡುತ್ತಿತ್ತು ನಿನ್ನೆ ಎಷ್ಟು ಕೊಟ್ಟಿತು, ಕೊನೆಯ ಸಲ ಸೆಗಣಿ ಹಾಕಿದ್ದು ಯಾವಾಗ. ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿಯ ಸಂಖ್ಯೆಯನ್ನೂ ಬರೆದುಕೊಳ್ಳಿ, ವಿಮೆಗೆ ಅದು ಬೇಕಾಗುತ್ತದೆ. ದಿನಾ ಮೇವು ಹಾಕಿ ಹಾಲು ಕರೆಯುವವರೇ ಜೊತೆಗೆ ಹೋಗಬೇಕು. ಬಹಳ ಮನೆಗಳಲ್ಲಿ ಹಸು ನೋಡಿಕೊಳ್ಳುವುದು ಹೆಂಗಸರು, ಆಸ್ಪತ್ರೆಗೆ ಬರುವುದು ಗಂಡಸರು. ಹೀಗಾಗಿ ವೈದ್ಯರು ಕೇಳುವ ಮೊದಲ ಐದು ಪ್ರಶ್ನೆಗಳಿಗೇ ಉತ್ತರ ಸಿಗುವುದಿಲ್ಲ.

ಬಾಗಿಲಲ್ಲೇ ಆಗುವ ವಿಂಗಡಣೆ

ಚೀಟಿ ಮಾಡಿಸಿದ ಕ್ರಮದಲ್ಲೇ ನೋಡುತ್ತಾರೆ ಅಂದುಕೊಳ್ಳಬೇಡಿ. ಹೊಟ್ಟೆ ಉಬ್ಬಿ ಏದುಸಿರು ಬಿಡುವ ಹಸು, ಕರು ಅಡ್ಡಬಿದ್ದು ಹೆರಿಗೆಯಾಗದ ಎಮ್ಮೆ, ರಕ್ತ ಸುರಿಯುತ್ತಿರುವ ನಾಯಿ, ಉಚ್ಚೆ ಕಟ್ಟಿದ ಗಂಡು ಬೆಕ್ಕು ಇವಕ್ಕೆ ಮೊದಲ ಸರದಿ. ಕುಂಟುವ ಎತ್ತು, ಚರ್ಮದ ಗಾಯ ಕಾಯಬಹುದು.

ವಿಂಗಡಣೆಯ ಇನ್ನೊಂದು ಕಾರಣ ಸೋಂಕು. ಕಾಲುಬಾಯಿ ರೋಗ, ಚರ್ಮಗಂಟು ರೋಗದ ಅನುಮಾನವಿದ್ದರೆ ದನವನ್ನು ಗಾಡಿಯಿಂದ ಇಳಿಸುವುದಕ್ಕೆ ಮುಂಚೆಯೇ ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚು ಹೆದರುವುದು ರೇಬಿಸ್‌ಗೆ. ‘ಗಂಟಲಲ್ಲಿ ಏನೋ ಸಿಕ್ಕೊಂಡಿದೆ, ಜೊಲ್ಲು ಸುರಿಸ್ತಿದೆ, ನೀರು ಕುಡೀತಿಲ್ಲ’ ಎಂದು ಬರುವ ಹಸುಗಳಲ್ಲಿ ಕೆಲವಕ್ಕೆ ಸಿಕ್ಕಿರುವುದು ಏನೂ ಇರುವುದಿಲ್ಲ. ಹುಚ್ಚುನಾಯಿ ಕಡಿದು ನುಂಗುವ ನರಗಳು ಸೋತಿರುತ್ತವೆ. ಅಷ್ಟರಲ್ಲಿ ಮನೆಯವರೆಲ್ಲ ಒಬ್ಬರಾದ ಮೇಲೆ ಒಬ್ಬರು ಬಾಯೊಳಗೆ ಕೈ ಹಾಕಿ ತಡಕಿರುತ್ತಾರೆ. ಜೊಲ್ಲು ಸುರಿಸುವ ದನದ ಬಾಯಿಗೆ ಬರಿಗೈ ಹಾಕಲೇಬಾರದು. ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ, ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಮನುಷ್ಯರ ಆಸ್ಪತ್ರೆಗೆ ಹೋಗಿ ಲಸಿಕೆ ಕೇಳಿ.

ಕಣ್ಣು, ಕೈ, ಕಿವಿಯ ಪರೀಕ್ಷೆ

ಯಂತ್ರಗಳು ಬರುವುದು ಆಮೇಲೆ. ಮೊದಲು ಥರ್ಮಾಮೀಟರು: ದೊಡ್ಡ ಹಸುವಿಗೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ನಾಯಿಗೂ ಹೆಚ್ಚುಕಡಿಮೆ ಅಷ್ಟೇ. ನಮಗೆ ಜ್ವರ ಅನ್ನಿಸುವುದು ಅವಕ್ಕೆ ಆರೋಗ್ಯ. ನಾಡಿ ನಿಮಿಷಕ್ಕೆ 60ರಿಂದ 80. ಎಡ ಮಗ್ಗುಲಿನ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ ದೊಡ್ಡಹೊಟ್ಟೆ ಅಲೆಯಂತೆ ಎದ್ದು ಮುಷ್ಟಿಯನ್ನು ತಳ್ಳುವುದು ಗೊತ್ತಾಗುತ್ತದೆ. ಎರಡು ನಿಮಿಷಕ್ಕೆ ಎರಡು ಮೂರು ಸಲ ಹಾಗಾಗಬೇಕು. ಇದನ್ನು ಮನೆಯಲ್ಲಿ ಯಾರು ಬೇಕಾದರೂ ಕಲಿಯಬಹುದು, ಕಲಿಯಲೇಬೇಕು.

ಕಣ್ಣು ಗುಳಿಬಿದ್ದಿದೆಯೇ, ಕುತ್ತಿಗೆಯ ಚರ್ಮ ಹಿಡಿದು ಎಳೆದು ಬಿಟ್ಟರೆ ಮರಳಲು ತಡವಾಗುತ್ತದೆಯೇ ಎಂದು ನೋಡಿ ಮೈಯ ನೀರು ಎಷ್ಟು ಇಂಗಿದೆ ಎಂದು ಅಂದಾಜು ಮಾಡುತ್ತಾರೆ. 400 ಕಿಲೋ ಹಸುವಿನ ಮೈತೂಕದಲ್ಲಿ ನೂರಕ್ಕೆ 8 ಪಾಲು ನೀರು ಇಂಗಿದ್ದರೆ ಕೊರತೆ 32 ಲೀಟರ್. ಅರ್ಧ ಲೀಟರಿನ ಗ್ಲೂಕೋಸ್ ಬಾಟ್ಲಿಯಲ್ಲಿ ಅದನ್ನು ತುಂಬಿಸಲು 64 ಬಾಟ್ಲಿ ಬೇಕು. ‘ಎರಡು ಬಾಟ್ಲಿ ಹಾಕಿ ಡಾಕ್ಟ್ರೇ, ಸರಿಹೋಗುತ್ತೆ’ ಅನ್ನುವವರಿಗೆ ಈ ಲೆಕ್ಕ ತಿಳಿಸಬೇಕು. ಹೊಟ್ಟೆ ಕೆಲಸ ಮಾಡುತ್ತಿರುವ ಹಸುವಿಗೆ ಬಾಯಿಂದ ನಳಿಕೆ ಇಳಿಸಿ, ಲವಣಗಳನ್ನು ಬೆರೆಸಿದ ನೀರನ್ನು ಒಂದೇ ಸಲಕ್ಕೆ 20 ಲೀಟರ್‌ವರೆಗೆ ಕೊಡಬಹುದು. ನಳಿಕೆ ಶ್ವಾಸನಾಳಕ್ಕೆ ಹೋಗಿಲ್ಲ ಎಂದು ಖಚಿತ ಮಾಡಿಕೊಂಡೇ ನೀರು ಬಿಡಬೇಕಾದ್ದರಿಂದ ಅದು ಆಸ್ಪತ್ರೆಯ ಕೆಲಸ.

ಹೊಟ್ಟೆಯೊಳಗೆ ತಂತಿ, ಹೊಟ್ಟೆಯೊಳಗೆ ಪ್ಲಾಸ್ಟಿಕ್

ದೊಡ್ಡಾಸ್ಪತ್ರೆಗೆ ಬರುವ ಹಸುಗಳಲ್ಲಿ ಒಂದು ಬಗೆಯನ್ನು ವಿವರವಾಗಿ ನೋಡೋಣ, ಯಾಕೆಂದರೆ ಇದು ತಪ್ಪಿಸಬಹುದಾದ ಕಾಯಿಲೆ. ಹಸು ತುಟಿಯಿಂದ ಆರಿಸಿ ತಿನ್ನುವ ಪ್ರಾಣಿಯಲ್ಲ. ನಾಲಿಗೆ ಸುತ್ತಿ ಸೆಳೆದು, ಅರ್ಧಂಬರ್ಧ ಅಗಿದು ನುಂಗಿಬಿಡುತ್ತದೆ, ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಹೀಗೆ ನುಂಗಿದ್ದೆಲ್ಲ ಮೊದಲು ಸೇರುವುದು 100 ಲೀಟರಿಗೂ ಹೆಚ್ಚು ಹಿಡಿಯುವ ದೊಡ್ಡಹೊಟ್ಟೆಗೆ. ಅದರ ಮುಂಭಾಗದಲ್ಲಿ, ತಗ್ಗಿನಲ್ಲಿ, ಒಳಗೋಡೆ ಜೇನುಗೂಡಿನ ಹಾಗೆ ಇರುವ ಇನ್ನೊಂದು ಚೀಲವಿದೆ. ಅದನ್ನು ಜಾಲಹೊಟ್ಟೆ ಅನ್ನೋಣ. ಅಲ್ಲಿಂದ ಮುಂದಿನ ಹೊಟ್ಟೆಗೆ ಹೋಗುವ ಬಾಯಿ ಜರಡಿ ಇದ್ದ ಹಾಗೆ, ನುರಿದು ಕೆಲವೇ ಮಿಲಿಮೀಟರ್ ಆದ ಚೂರು ಮಾತ್ರ ದಾಟುತ್ತದೆ. ಪ್ಲಾಸ್ಟಿಕ್ ನುರಿಯುವುದಿಲ್ಲ, ಕರಗುವುದೂ ಇಲ್ಲ. ಹಾಗಾಗಿ ಛತ್ರದ ಹಿಂದೆ ಎಸೆದ, ಅನ್ನ ಸಾರು ಕಟ್ಟಿದ ಕವರುಗಳು ತಿಂಗಳುಗಟ್ಟಲೆ ಅಲ್ಲೇ ಉಳಿದು, ಹಗ್ಗದ ತುಂಡು, ಗೋಣಿ ನಾರಿನ ಜೊತೆ ಹೆಣೆದುಕೊಂಡು ದೊಡ್ಡ ಗಂಟಾಗುತ್ತವೆ. ಹತ್ತಾರು ಕಿಲೋ ತೂಗುವ ಗಂಟುಗಳನ್ನು ಹೊರತೆಗೆಯುವುದು ಅಪರೂಪವೇನಲ್ಲ. ಹಸು ಸ್ವಲ್ಪ ತಿಂದು ಬಿಡುತ್ತದೆ, ಪದೇಪದೇ ಉಬ್ಬರಿಸುತ್ತದೆ, ಸೊರಗುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧವಾದದ್ದು 2016ರ ಮಾರ್ಚ್‌ನಲ್ಲಿ. ಹೊಟ್ಟೆ ಕುಯ್ದಾಗ ಇಂದಿಗೂ ಸಿಗುವುದು ಅದೇ ಕವರು.

ತಂತಿಯ ಕಥೆ ಬೇರೆ. ಸೆಂಟ್ರಿಂಗ್ ಕೆಲಸದ ಬೈಂಡಿಂಗ್ ವೈರ್, ಪೊರಕೆ ಕಟ್ಟಿದ ತಂತಿ, ಸುಟ್ಟ ಟೈರಿನೊಳಗಿನ ಸಣ್ಣ ಕಂಬಿ, ಮೇವು ಕತ್ತರಿಸುವ ಯಂತ್ರದಲ್ಲಿ ಹುಲ್ಲಿನ ಜೊತೆ ತುಂಡಾದ ಮೊಳೆ, ಇವು ಭಾರವಾದ್ದರಿಂದ ಜಾಲಹೊಟ್ಟೆಗೆ ಬೀಳುತ್ತವೆ. ಆ ಚೀಲ ಹೆಚ್ಚುಕಡಿಮೆ ನಿಮಿಷಕ್ಕೊಮ್ಮೆ ಬಲವಾಗಿ ಮುದುಡುತ್ತದೆ. ಮುದುಡಿದಾಗಲೆಲ್ಲ ತಂತಿಯ ಮೊನೆ ಗೋಡೆಗೆ ಚುಚ್ಚುತ್ತದೆ. ಗೋಡೆಯಾಚೆ ಎದೆಗೂ ಹೊಟ್ಟೆಗೂ ನಡುವಿನ ತೆಳು ಪರದೆ, ಪರದೆಯಾಚೆ ಹೃದಯ. ತುಂಬು ಗಬ್ಬದಲ್ಲಿ ಗರ್ಭಕೋಶವೂ ಹಿಂದಿನಿಂದ ಒತ್ತುವುದರಿಂದ ಕರು ಹಾಕುವ ಆಸುಪಾಸಿನಲ್ಲಿ ತಂತಿ ಮುಂದೆ ಸರಿಯುವುದು ಹೆಚ್ಚು.

ಲಕ್ಷಣಗಳು ಹೀಗೆ: ಹಾಲು ಒಂದೇ ದಿನದಲ್ಲಿ ಅರ್ಧಕ್ಕಿಳಿಯುತ್ತದೆ, ಬೆನ್ನು ಬಿಲ್ಲಾಗುತ್ತದೆ, ಮುಂಗಾಲಿನ ಮೊಣಕೈಯನ್ನು ಹೊರಕ್ಕೆ ಚಾಚಿ ನಿಲ್ಲುತ್ತದೆ, ಇಳಿಜಾರಿನಲ್ಲಿ ನಡೆಯಲು ಒಲ್ಲೆ ಅನ್ನುತ್ತದೆ. ವೈದ್ಯರು ಭುಜದ ಹಿಂದೆ ಬೆನ್ನ ಮೇಲಿನ ಚರ್ಮವನ್ನು ಎರಡೂ ಕೈಯಲ್ಲಿ ಹಿಡಿದು ಹಿಂಡುತ್ತಾರೆ. ಗಟ್ಟಿಮುಟ್ಟಾದ ಹಸು ಬೆನ್ನು ತಗ್ಗಿಸುತ್ತದೆ. ತಂತಿ ಚುಚ್ಚಿದ ಹಸು ತಗ್ಗಿಸದೆ ನರಳುತ್ತದೆ. ಲೋಹ ಪತ್ತೆ ಮಾಡುವ ಸಾಧನವನ್ನು ಎದೆಯ ಕೆಳಗೆ ಆಡಿಸಿದರೆ ಕಬ್ಬಿಣ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಆದರೆ ಅದು ಚುಚ್ಚಿದೆಯೋ ಸುಮ್ಮನೆ ಬಿದ್ದಿದೆಯೋ ಗೊತ್ತಾಗುವುದಿಲ್ಲ. ಎಷ್ಟೋ ಆರೋಗ್ಯವಂತ ಹಸುಗಳ ಹೊಟ್ಟೆಯಲ್ಲೂ ಒಂದೆರಡು ಮೊಳೆ ಇರುತ್ತವೆ. ಅದಕ್ಕೇ ಎಕ್ಸ್‌ರೇ, ಸ್ಕ್ಯಾನಿಂಗ್ ಬೇಕು. ಹೃದಯದ ಸುತ್ತ ಕೀವು ತುಂಬಿದೆಯೇ ಎಂದು ನೋಡುವುದು ಇಲ್ಲಿನ ಮುಖ್ಯ ಪ್ರಶ್ನೆ. ಗಂಗೆದೊಗಲು ನೀರು ತುಂಬಿ ಜೋತುಬಿದ್ದು, ಕುತ್ತಿಗೆಯ ರಕ್ತನಾಳ ಹಗ್ಗದ ಗಾತ್ರಕ್ಕೆ ಉಬ್ಬಿದ್ದರೆ ತಂತಿ ಹೃದಯಕ್ಕೆ ತಲುಪಿದೆ ಎಂದರ್ಥ. ಆಗ ಆಪರೇಷನ್ ಮಾಡಿದರೂ ಉಳಿಯುವುದು ಕಷ್ಟ. ಅದನ್ನು ಮುಚ್ಚುಮರೆಯಿಲ್ಲದೆ ಹೇಳುವ ವೈದ್ಯರು ನಿಮ್ಮ ಹಣವನ್ನೂ ಹಸುವಿನ ನೋವನ್ನೂ ಉಳಿಸುತ್ತಿದ್ದಾರೆ. ಎಮ್ಮೆಗಳಲ್ಲಿ ಇದರ ಜೊತೆಗೆ, ಆ ಪರದೆಯೇ ಹರಿದು ಜಾಲಹೊಟ್ಟೆ ಎದೆಗೂಡಿಗೆ ನುಗ್ಗುವ ತೊಂದರೆಯೂ ಹಸುಗಳಿಗಿಂತ ಹೆಚ್ಚು.

ನಿಂತಲ್ಲೇ ಆಪರೇಷನ್

ಹೊಟ್ಟೆ ಕುಯ್ಯುವಾಗ ಹಸು ನಿಂತೇ ಇರುತ್ತದೆ, ಎಚ್ಚರವಾಗಿರುತ್ತದೆ ಅಂದರೆ ಹಲವರು ನಂಬುವುದಿಲ್ಲ. ದನವನ್ನು ಪೂರ್ತಿ ಮಂಪರು ಮಾಡಿ ಮಲಗಿಸಿದರೆ ಹೊಟ್ಟೆ ಉಬ್ಬುತ್ತದೆ, ಒಳಗಿನ ಮೇವು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಆದ್ದರಿಂದ ಕಬ್ಬಿಣದ ಕಂಬಗಳ ಚೌಕಟ್ಟಿನಲ್ಲಿ ನಿಲ್ಲಿಸಿ, ಬೆನ್ನೆಲುಬಿನಿಂದ ಎಡ ಮಗ್ಗುಲಿಗೆ ಬರುವ ನರಗಳಿಗೆ ಲಿಗ್ನೊಕೇನ್ ಕೊಟ್ಟು ಆ ಭಾಗವನ್ನಷ್ಟೇ ಜೋಮು ಮಾಡುತ್ತಾರೆ. ಶಾಂತವಾಗಿಸಲು ಜೈಲಜಿನ್ ಕೊಡುವುದಾದರೆ ಕುದುರೆಗೆ ಬೇಕಾದ್ದರ ಹತ್ತನೇ ಒಂದು ಪಾಲು ದನಕ್ಕೆ ಸಾಕು. ತುಂಬು ಗಬ್ಬದ ಹಸುವಿಗೆ ಅದು ಬೇಡವೇ ಬೇಡ, ಗರ್ಭಕೋಶ ಹಿಂಡಿ ಕಂದು ಹಾಕಬಹುದು.

ಮೊದಲೇ 24 ಗಂಟೆ ಮೇವು, 12 ಗಂಟೆ ನೀರು ನಿಲ್ಲಿಸಿರಬೇಕು. ‘ಪಾಪ, ಹಸ್ಕೊಂಡಿದೆ’ ಎಂದು ರಾತ್ರಿ ಕದ್ದು ಹುಲ್ಲು ಹಾಕಿದರೆ ಬೆಳಿಗ್ಗೆ ಹೊಟ್ಟೆ ತುಂಬಿ ಒತ್ತಿ, ಆಪರೇಷನ್ ಮುಂದಕ್ಕೆ ಹೋಗುತ್ತದೆ. ಮಗ್ಗುಲಿನ ಕೂದಲು ಬೋಳಿಸಿ, ತೊಳೆದು, 20ರಿಂದ 25 ಸೆಂಟಿಮೀಟರ್ ಉದ್ದ ಕುಯ್ಯುತ್ತಾರೆ. ಚರ್ಮ, ಮೂರು ಪದರ ಸ್ನಾಯು, ಒಳಪೊರೆ ದಾಟಿದರೆ ದೊಡ್ಡಹೊಟ್ಟೆ ಕಾಣುತ್ತದೆ. ಅದನ್ನು ತೆರೆಯುವ ಮೊದಲು ಅದರ ಗೋಡೆಯನ್ನು ಹೊರಗೆಳೆದು ಗಾಯದ ಅಂಚಿಗೆ ಸುತ್ತಲೂ ಹೊಲಿಯುತ್ತಾರೆ, ಇಲ್ಲವೇ ಲೋಹದ ಚೌಕಟ್ಟಿಗೆ ಸಿಕ್ಕಿಸುತ್ತಾರೆ. ಇಡೀ ಕೆಲಸದ ಜೀವಾಳ ಇದು. ದೊಡ್ಡಹೊಟ್ಟೆಯೊಳಗಿನ ರಸದಲ್ಲಿ ಲೆಕ್ಕವಿಲ್ಲದಷ್ಟು ಸೂಕ್ಷ್ಮಜೀವಿಗಳಿವೆ. ಒಳಗಿದ್ದರೆ ಅವು ಹುಲ್ಲನ್ನು ಹಾಲಾಗಿಸುವ ಕೆಲಸಕ್ಕೆ ನೆರವಾಗುತ್ತವೆ, ಅದೇ ರಸ ಕರುಳಿನ ಸುತ್ತಲ ಜಾಗಕ್ಕೆ ಸೋರಿದರೆ ಹಸುವನ್ನು ಕೊಲ್ಲುತ್ತವೆ.

ಆಮೇಲೆ ಭುಜದವರೆಗೆ ಕೈಗವಸು ಹಾಕಿಕೊಂಡು ಕೈ ಇಳಿಸುತ್ತಾರೆ. ಕಣ್ಣಿಗೆ ಕಾಣದು, ಬೆರಳೇ ಕಣ್ಣು. ಪ್ಲಾಸ್ಟಿಕ್ ಗಂಟನ್ನು ಒಂದೇ ಸಲ ಎಳೆದರೆ ಗೋಡೆ ಹರಿಯುತ್ತದೆ, ಬಿಡಿಸಿ ಬಿಡಿಸಿ ತೆಗೆಯಬೇಕು. ಮುಂದೆ ಜಾಲಹೊಟ್ಟೆಯ ಪ್ರತಿ ಗೂಡನ್ನೂ ಬೆರಳ ತುದಿಯಲ್ಲಿ ಸವರಿ ಮೊಳೆ, ತಂತಿ ಹುಡುಕುತ್ತಾರೆ. ಒಳ್ಳೆಯ ಮೇವನ್ನು ಪೂರ್ತಿ ಬರಿದು ಮಾಡುವುದಿಲ್ಲ. ಸೂಕ್ಷ್ಮಜೀವಿಗಳು ಸತ್ತುಹೋಗಿದ್ದರೆ ಆರೋಗ್ಯವಂತ ಹಸುವಿನ ಹೊಟ್ಟೆಯಿಂದ ನಳಿಕೆಯಲ್ಲಿ ರಸ ತೆಗೆದು, ತಣ್ಣಗಾಗುವ ಮೊದಲು ಇದಕ್ಕೆ ಸೇರಿಸುತ್ತಾರೆ. ದೊಡ್ಡಹೊಟ್ಟೆಯನ್ನು ಎರಡು ಸಾಲು ಹೊಲಿದು, ತೊಳೆದು, ಕೈಗವಸನ್ನೂ ಸಲಕರಣೆಗಳನ್ನೂ ಬದಲಾಯಿಸಿದ ಮೇಲೆಯೇ ಸ್ನಾಯು, ಚರ್ಮದ ಹೊಲಿಗೆ. ಕೊಳೆಯಾದ ಸಲಕರಣೆಯಲ್ಲೇ ಮುಂದುವರಿದರೆ ವಾರದೊಳಗೆ ಹೊಲಿಗೆ ಕೀವಾಗುತ್ತದೆ.

ವಾರ್ಡಿನಲ್ಲಿ ಐದು ಪ್ರಶ್ನೆ

ಜನ ಆಪರೇಷನ್ನನ್ನೇ ದೊಡ್ಡದೆಂದುಕೊಳ್ಳುತ್ತಾರೆ. ಹಸು ಉಳಿಯುವುದು, ಉಳಿಯದಿರುವುದು ಮುಂದಿನ ಐದಾರು ದಿನದ ಆರೈಕೆಯಲ್ಲಿ. ಪ್ರತಿ ಪಾಳಿಯಲ್ಲೂ ಕೇಳುವುದು ಐದೇ ಪ್ರಶ್ನೆ: ತಿಂತಾ? ಮೆಲುಕು ಹಾಕ್ತಾ? ಸೆಗಣಿ ಹಾಕ್ತಾ? ಗಂಜಲ ಹುಯ್ತಾ? ಜ್ವರ ಎಷ್ಟು? ಚೆನ್ನಾಗಿರುವ ಹಸು ದಿನಕ್ಕೆ 6ರಿಂದ 8 ಗಂಟೆ ಮೆಲುಕು ಹಾಕುತ್ತದೆ. ಆಪರೇಷನ್ ಆದ ಮೇಲೆ ಮೊದಲ ಮೆಲುಕು ಕಂಡರೆ ವಾರ್ಡಿನ ಎಲ್ಲರಿಗೂ ಹೋದ ಜೀವ ಬಂದಂತಾಗುತ್ತದೆ. ಹೊಟ್ಟೆ ಕುಯ್ದ ದಿನ ಸ್ವಲ್ಪ ಸ್ವಲ್ಪ ನೀರು, ಮರುದಿನ ಒಂದು ಹಿಡಿ ಎಳೆ ಹಸಿಹುಲ್ಲು. ಹಿಂಡಿ, ಬೂಸಾ ತಡವಾಗಿ. ಶಕ್ತಿ ಬರಲಿ ಎಂದು ಬಕೆಟ್ಟುಗಟ್ಟಲೆ ಅನ್ನ, ರಾಗಿ ಗಂಜಿ ಕೊಟ್ಟರೆ ದೊಡ್ಡಹೊಟ್ಟೆಯಲ್ಲಿ ಆಮ್ಲ ಏರಿ ಇನ್ನೊಂದು ಕಾಯಿಲೆ ಶುರುವಾಗುತ್ತದೆ.

ಹೆಚ್ಚು ಮೈಮುರಿಯುವ ಕೆಲಸ ಎದ್ದು ನಿಲ್ಲದ ಹಸುವಿನದು. ಕರು ಹಾಕಿದ ಮೂರು ದಿನದೊಳಗೆ ರಕ್ತದ ಸುಣ್ಣದಂಶ ಕುಸಿದು ಹಸು ಕುಸಿಯುವುದೇ ಹಾಲು ಜ್ವರ. ಹೆಸರು ಜ್ವರವಾದರೂ ಕಿವಿ ಮೈ ತಣ್ಣಗಿರುತ್ತವೆ. 450 ಮಿಲಿಲೀಟರ್ ಕ್ಯಾಲ್ಸಿಯಂ ಬಾಟ್ಲಿಯನ್ನು ಮೈಶಾಖಕ್ಕೆ ಬೆಚ್ಚಗೆ ಮಾಡಿ, ಎದೆಬಡಿತ ಕೇಳುತ್ತಾ ಹತ್ತು ಹದಿನೈದು ನಿಮಿಷ ನಿಧಾನವಾಗಿ ನಾಳಕ್ಕೆ ಬಿಡುತ್ತಾರೆ. ಅವಸರಿಸಿದರೆ ಹೃದಯವೇ ನಿಲ್ಲಬಹುದು. ಬೇಗ ಸಿಕ್ಕಿದರೆ ಬಹಳಷ್ಟು ಹಸುಗಳು ಅಲ್ಲೇ ಎದ್ದು ನಿಲ್ಲುತ್ತವೆ. ಆದರೆ ಅಷ್ಟರಲ್ಲಿ ಸಿಮೆಂಟ್ ನೆಲದ ಮೇಲೆ ಒಂದೇ ಮಗ್ಗುಲಲ್ಲಿ ಅರ್ಧ ದಿನ ಬಿದ್ದಿದ್ದರೆ 400 ಕಿಲೋ ಭಾರಕ್ಕೆ ಕೆಳಗಿನ ಕಾಲಿನ ಸ್ನಾಯು, ನರ ನಜ್ಜಾಗಿ, ಸುಣ್ಣದಂಶ ಸರಿಯಾದರೂ ಏಳಲಾಗುವುದಿಲ್ಲ. ಅಂಥ ಹಸುವಿಗೆ ಒಂದಡಿ ದಪ್ಪ ಮರಳಿನ ಹಾಸಿಗೆ, ಎದೆಗೆ ಹುಲ್ಲಿನ ಮೂಟೆಯ ಆಸರೆ, ನಾಲ್ಕು ಗಂಟೆಗೊಮ್ಮೆ ಮಗ್ಗುಲು ಬದಲಾವಣೆ, ರಾತ್ರಿಯೂ. ಹೊಟ್ಟೆಯಡಿ ಅಗಲ ಪಟ್ಟಿ ಕೊಟ್ಟು ಎತ್ತಿ ನಿಲ್ಲಿಸುವುದು ದಿನಕ್ಕೆ ಒಂದೆರಡು ಸಲ, ಸ್ವಲ್ಪ ಹೊತ್ತು ಮಾತ್ರ. ತೂಗುಹಾಕಿ ಬಿಟ್ಟರೆ ಪಟ್ಟಿಯೇ ಗಾಯ ಮಾಡುತ್ತದೆ. ಮಗ್ಗುಲು ತಿರುಗಿಸಲು ನಾಲ್ಕು ಆಳು ಬೇಕಾದ್ದರಿಂದ ಮನೆಯವರು ಇಬ್ಬರಾದರೂ ಜೊತೆಗಿರಲೇಬೇಕು.

ನಾಯಿ, ಬೆಕ್ಕುಗಳ ಕಡೆ

ವಾಂತಿ, ರಕ್ತಭೇದಿಯಿಂದ ಬರುವ ನಾಯಿಮರಿಗಳಿಗೆ ಬೇರೆಯೇ ಕೋಣೆ. ಈ ಕಾಯಿಲೆಗೆ ಬಹಳ ಸಲ ಕಾರಣವಾಗುವ ಪಾರ್ವೊ ವೈರಸ್ ನೆಲ, ಬಟ್ಟಲು, ಚಪ್ಪಲಿಯ ಮೇಲೆ ತಿಂಗಳುಗಟ್ಟಲೆ ಬದುಕುತ್ತದೆ, ಫಿನಾಯಿಲ್‌ಗೆ ಬಗ್ಗುವುದಿಲ್ಲ. 1 ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ ಒರೆಸುತ್ತಾರೆ. ಡ್ರಿಪ್, ವಾಂತಿ ನಿಲ್ಲಿಸುವ ಮದ್ದು, ಬೆಚ್ಚನೆ ಜಾಗ ಇವು ಐದಾರು ದಿನ ಬೇಕು. 6ರಿಂದ 8 ವಾರದಲ್ಲಿ ಶುರುಮಾಡಿ, 3–4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಲಸಿಕೆ ಹಾಕಿಸಿದ ಮರಿ ಈ ಕೋಣೆಗೆ ಬರುವುದು ಅಪರೂಪ. ಬೆಕ್ಕಿಗೆ ಜ್ವರವೆಂದು ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಕೊಡಲೇಬೇಡಿ, ಒಂದೇ ಮಾತ್ರೆ ಅದಕ್ಕೆ ವಿಷ.

ಮನೆಗೆ ಕಳಿಸುವಾಗ

ಚರ್ಮದ ಹೊಲಿಗೆ ಬಿಚ್ಚುವುದು 12–14 ದಿನಕ್ಕೆ, ಅದನ್ನು ಊರಿನ ಡಾಕ್ಟ್ರೇ ಮಾಡಬಹುದು. ಆಸ್ಪತ್ರೆಯ ಬಿಡುಗಡೆ ಚೀಟಿಯನ್ನು ಅವರಿಗೆ ತೋರಿಸಿ. ಆ್ಯಂಟಿಬಯೋಟಿಕ್ ಕೊಟ್ಟ ಹಸುವಿನ ಹಾಲನ್ನು ಚೀಟಿಯಲ್ಲಿ ಬರೆದಷ್ಟು ದಿನ ಡೇರಿಗೆ ಹಾಕಬಾರದು, ಮನೆಯಲ್ಲೂ ಕುಡಿಯಬಾರದು. ಔಷಧಿಯಿಂದ ಔಷಧಿಗೆ ಆ ದಿನಗಳು ಬದಲಾಗುವುದರಿಂದ ಕೇಳಿ ಬರೆಸಿಕೊಳ್ಳಿ. ನೋವಿಗೆ ಕೊಡುವ ಸೂಜಿ ಯಾವುದೆಂದೂ ಕೇಳಿ. ದನಗಳಿಗೆ ಡೈಕ್ಲೊಫೆನಾಕ್ ಕೊಡುವುದು 2006ರಿಂದ, ಕೀಟೊಪ್ರೊಫೆನ್ ಮತ್ತು ಅಸಿಕ್ಲೊಫೆನಾಕ್ 2023ರಿಂದ ನಿಷಿದ್ಧ. ಡೈಕ್ಲೊಫೆನಾಕ್ ಪಡೆದ ದನ ಸತ್ತು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆ. ರಾಮನಗರದ ರಾಮದೇವರಬೆಟ್ಟದ ರಣಹದ್ದು ಧಾಮ ಮಂಡ್ಯಕ್ಕೆ ದೂರವೇನಿಲ್ಲ. ಮೆಲಾಕ್ಸಿಕಾಮ್ ಹದ್ದುಗಳಿಗೆ ತೊಂದರೆ ಮಾಡದ ಔಷಧಿ, ಎಲ್ಲೆಡೆ ಸಿಗುತ್ತದೆ.

ತಂತಿ ತೆಗೆಸಿಕೊಂಡ ಹಸುವಿಗೆ ಬೆರಳುದ್ದದ ಅಯಸ್ಕಾಂತವೊಂದನ್ನು ನುಂಗಿಸಬಹುದೇ ಎಂದು ವೈದ್ಯರನ್ನು ಕೇಳಿ. ಅದು ಜಾಲಹೊಟ್ಟೆಯಲ್ಲೇ ಉಳಿದು ಮುಂದೆ ನುಂಗುವ ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೇವು ಕತ್ತರಿಸುವ ಯಂತ್ರದ ಬಾಯಿಯಲ್ಲೂ ಒಂದು ಅಯಸ್ಕಾಂತ ಕಟ್ಟಿ, ವಾರಕ್ಕೊಮ್ಮೆ ಅದಕ್ಕೆ ಅಂಟಿದ್ದನ್ನು ಬಿಡಿಸಿ.